ಮುಳ್ಳು ಅಲುಗಾಡದ ತಿಂಗಳು

ತೂಕ ಇಳಿಸುವ ವಿಷಯದಲ್ಲಿ ಸಿಗುವ ಉಪದೇಶಗಳೆಲ್ಲ ಶುರು ಮಾಡುವುದರ ಬಗ್ಗೆಯೇ ಇರುತ್ತವೆ. ಇವತ್ತೇ ಎದ್ದೇಳಿ, ಮೊದಲ ಹೆಜ್ಜೆ ಇಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ. ಶುರು ಮಾಡುವುದರಲ್ಲಿ ನಾವೆಲ್ಲ ಗಟ್ಟಿಗರೇ, ಅಲ್ವಾ? ಸೋಮವಾರ ಬಂದರೆ ಸಾಕು, ಹೊಸ ವರ್ಷ ಬಂದರೆ ಸಾಕು, ಹುಮ್ಮಸ್ಸು ತಾನಾಗಿಯೇ ಉಕ್ಕುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನು ಅಂಕಿಗಳಲ್ಲೇ ತೋರಿಸಿದರು. ಜನ ಜಿಮ್‌ಗೆ ಹೋಗುವುದು, ಇಂಟರ್‌ನೆಟ್‌ನಲ್ಲಿ ಡಯಟ್ ಬಗ್ಗೆ ಹುಡುಕುವುದು ವಾರದ, ತಿಂಗಳ, ವರ್ಷದ ಆರಂಭದಲ್ಲಿ ಜಾಸ್ತಿ ಆಗುತ್ತದೆ. ಆರಂಭಶೂರರು ನಾವು ಮಾತ್ರ ಅಂದುಕೊಂಡಿದ್ದರೆ, ಹಾಗೇನಿಲ್ಲ. ಎಲ್ಲ ಕಡೆಯೂ ಇದ್ದಾರೆ.

ಕಷ್ಟ ಇರುವುದು ಆಮೇಲೆ. ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಒಂದು ಹಂತ ಬರುತ್ತದೆ. ಊಟ ಹಿಂದಿನ ತಿಂಗಳಿನಷ್ಟೇ ಇದೆ. ನಡಿಗೆ ತಪ್ಪಿಲ್ಲ. ಆದರೂ ತೂಕದ ಯಂತ್ರದ ಮುಳ್ಳು ಇದ್ದಲ್ಲೇ ನಿಂತಿದೆ. (ಈಗಿನ ಯಂತ್ರಗಳಲ್ಲಿ ಮುಳ್ಳೇ ಇಲ್ಲ, ಅಂಕಿ ಮೂಡುತ್ತದೆ. ಅಂಕಿ ಇನ್ನೂ ನಿರ್ದಯಿ. ಮುಳ್ಳಾದರೆ ಸ್ವಲ್ಪ ಓರೆಯಾಗಿ ನೋಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು.) ಮೊದಲ ತಿಂಗಳು "ಏನು, ಇಳಿದುಹೋಗಿದ್ದೀಯಲ್ಲ" ಅಂದವರು ಈಗ ಏನೂ ಅನ್ನುವುದಿಲ್ಲ. ಹೊಸತನ ಮುಗಿದಿದೆ, ಫಲ ಕಾಣುತ್ತಿಲ್ಲ. ನಾನು ನೋಡಿದ ಹಾಗೆ, ಕೈಚೆಲ್ಲುವವರು ಕೈಚೆಲ್ಲುವುದು ಇಲ್ಲೇ. ಶುರು ಮಾಡಲಾಗದೆ ಸೋತವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಆ ತಿಂಗಳನ್ನು ದಾಟಿಸುವುದು ಛಲ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವ ಬೇರೆ. ಒಳಗೆ ಏನು ನಡೆಯುತ್ತಿದೆ ಅನ್ನುವ ತಿಳಿವಳಿಕೆಯೇ ನನ್ನನ್ನು ಜಾಸ್ತಿ ಕಾಪಾಡಿದ್ದು. ಮುಳ್ಳು ಯಾಕೆ ನಿಂತಿದೆ ಅಂತ ಗೊತ್ತಿದ್ದರೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟು ನಮ್ಮ ಮೇಲೆಯೇ ತಿರುಗುವುದಿಲ್ಲ. ಎಷ್ಟೋ ಸಲ ಮಾರನೇ ದಿನ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಡಲು ಅಷ್ಟೇ ಸಾಕಾಗುತ್ತದೆ.

ಮೊದಲ ವಾರದ ಲೆಕ್ಕದಿಂದಲೇ ಹೊರಡೋಣ. ಯಾಕೆಂದರೆ ನಮ್ಮನ್ನು ಕೆಡಿಸುವುದು ಅದೇ. ದೇಹ ಸಕ್ಕರೆಯನ್ನು ಗ್ಲೈಕೋಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ದೊಡ್ಡವರಲ್ಲಿ ಎಲ್ಲ ಸೇರಿ ಸುಮಾರು ಅರ್ಧ ಕಿಲೋ. ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಅದು ಕರಗಿದಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಉಪ್ಪು ತಿನ್ನುವುದು ಕಡಿಮೆಯಾಗಿದ್ದರೆ ಇನ್ನಷ್ಟು ನೀರು ಹೋಗುತ್ತದೆ. ಹಾಗಾಗಿ ಮೊದಲ ವಾರ ಎರಡು ಮೂರು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನ ಪಾಲು ನೀರು.

ಕೊಬ್ಬಿನ ಲೆಕ್ಕ ನಿಧಾನದ್ದು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 3,500. ಅಂದರೆ ವಾರಕ್ಕೆ ಅರ್ಧ ಕಿಲೋಗಿಂತಲೂ ಸ್ವಲ್ಪ ಕಮ್ಮಿ. ಒಂದು ದಿನಕ್ಕೆ ಭಾಗಿಸಿದರೆ 65 ಗ್ರಾಂ ಆಸುಪಾಸು. ಈ 65 ಗ್ರಾಂ ಯಾವ ಯಂತ್ರದಲ್ಲಿ ಕಾಣಬೇಕು? ನೀರು, ಉಪ್ಪು, ಹೊಟ್ಟೆಯೊಳಗಿನ ಊಟ, ಹೆಂಗಸರಲ್ಲಿ ಮುಟ್ಟಿನ ದಿನಗಳು, ಇವೆಲ್ಲ ಸೇರಿ ತೂಕವನ್ನು ಒಂದೇ ದಿನದಲ್ಲಿ ಒಂದೆರಡು ಕಿಲೋ ಮೇಲೆ ಕೆಳಗೆ ಮಾಡುತ್ತವೆ. ಹೊಸದಾಗಿ ಭಾರ ಎತ್ತುವ ವ್ಯಾಯಾಮ ಶುರು ಮಾಡಿದರೆ ಸ್ನಾಯುಗಳು ದುರಸ್ತಿಗೆಂದು ನೀರು ಹಿಡಿದಿಟ್ಟುಕೊಳ್ಳುತ್ತವೆ. ಆಗಲಂತೂ ಕೊಬ್ಬು ಕರಗುತ್ತಿದ್ದರೂ ಮುಳ್ಳು ಏರುತ್ತದೆ. ಸರಿಯಾಗಿ ನಡೆದುಕೊಂಡ ವಾರಕ್ಕೆ ಶಿಕ್ಷೆ, ಉಪವಾಸ ಬಿದ್ದ ದಿನಕ್ಕೆ ಬಹುಮಾನ. ಯಂತ್ರ ಸುಳ್ಳು ಹೇಳುತ್ತಿಲ್ಲ. ನಾವು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಅದರ ಹತ್ತಿರ ಇಲ್ಲ, ಅಷ್ಟೇ.

ಇದಕ್ಕೆ ಕೆಲವರು ಯಂತ್ರವನ್ನೇ ಮಂಚದ ಕೆಳಗೆ ತಳ್ಳಿಬಿಡುತ್ತಾರೆ. ನನಗೆ ಅದೂ ಸರಿ ಕಾಣುವುದಿಲ್ಲ. ನೋಡುವುದಾದರೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ಬರೆದಿಟ್ಟು, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಬೇಕು. ಇಲ್ಲವಾದರೆ ವಾರಕ್ಕೊಮ್ಮೆ ಸಾಕು. ದಿನದ ಅಂಕಿ ನೋಡಿ ಮನಸ್ಸು ಕಹಿಯಾಗುವವರು ನೋಡದಿರುವುದೇ ಒಳ್ಳೆಯದು.

ಸರಿ, ನೀರಿನ ಆಟ ಮುಗಿಯಿತು. ಆಮೇಲೂ ತೂಕ ನಿಜವಾಗಿಯೇ ನಿಲ್ಲುತ್ತದೆ. ಈ ನಿಲುಗಡೆಯ ಕಾರಣವೇ ಬೇರೆ.

ಹತ್ತು ಕಿಲೋ ಇಳಿದ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಕಾಗುವುದಿಲ್ಲ. ಸುಮ್ನೆ ಕೂತಿದ್ದಾಗಲೂ ಕಡಿಮೆ ಖರ್ಚು, ನಡೆಯುವಾಗಲೂ ಕಡಿಮೆ ಖರ್ಚು, ಹೊರುವ ಭಾರವೇ ಕಡಿಮೆಯಾಗಿದೆಯಲ್ಲ. ಶುರುವಿನಲ್ಲಿ ಇಳಿಸುತ್ತಿದ್ದ ಅದೇ ಊಟ ಈಗ ತೂಕವನ್ನು ಇದ್ದಲ್ಲಿ ಇಡುವ ಊಟವಾಗಿರುತ್ತದೆ. ಇದು ಸರಳ ಗಣಿತ. ಆದರೆ ದೇಹ ಇಷ್ಟಕ್ಕೇ ಬಿಡುವುದಿಲ್ಲ. ಸಂಬಳ ಕಡಿತವಾದ ಮನೆಯವರ ಹಾಗೆ, ಕಡಿಮೆಯಾದದ್ದಕ್ಕಿಂತಲೂ ಸ್ವಲ್ಪ ಜಾಸ್ತಿಯೇ ಬಿಗಿ ಹಿಡಿಯುತ್ತದೆ. ಜೊತೆಗೆ ಹಸಿವನ್ನೂ ಏರಿಸುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತವೆ. 'ದಾಸ್ತಾನು ಸಾಕಷ್ಟಿದೆ' ಅಂತ ಮಿದುಳಿಗೆ ತಿಳಿಸುವುದು ಅದರ ಕೆಲಸ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ. ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ. ಅದು ಹಸಿವಿನ ಕರೆ.

ಇದು ಒಂದೆರಡು ವಾರದ ಗಲಾಟೆ ಅಂದುಕೊಂಡರೆ ಇಲ್ಲ. ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಊಟ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಅವರಲ್ಲಿ ಹಸಿವಿನ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಹಸಿವೂ ಜಾಸ್ತಿಯೇ ಇತ್ತು. ಇದು 2011ರಲ್ಲಿ ಪ್ರಕಟವಾಯಿತು. ಇನ್ನೊಂದು ಅಧ್ಯಯನ 2016ರದ್ದು. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬರುತ್ತಿತ್ತು. ಅದರಲ್ಲಿ ಭಾಗವಹಿಸಿದ್ದ 14 ಜನರನ್ನು ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷಗಳ ನಂತರ ಪರೀಕ್ಷೆ ಮಾಡಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರು ಅದರಲ್ಲಿ 41 ಕಿಲೋ ಮತ್ತೆ ಏರಿಸಿಕೊಂಡಿದ್ದರು. ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುವ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು.

ಇದನ್ನು ಓದಿ ಹೆದರಿಕೊಳ್ಳಬೇಕಾಗಿಲ್ಲ. ಅದು ಮೂವತ್ತು ವಾರದಲ್ಲಿ ಹುಚ್ಚಾಪಟ್ಟೆ ಇಳಿಸಿದವರ ಕಥೆ. ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ, ಜೊತೆಗೆ ಅರೆಹೊಟ್ಟೆ. ಸಾಧಾರಣವಾಗಿ ಇಳಿಸುವವರಲ್ಲಿ ಈ ಬಿಗಿತ ಇಷ್ಟು ತೀವ್ರವಾಗಿರುವುದಿಲ್ಲ. ನನಗೆ ಈ ಅಧ್ಯಯನ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ತೂಕ ವಾಪಸ್ ಬಂದವರನ್ನು ನೋಡಿ 'ಸೋಮಾರಿ', 'ನಾಲಿಗೆ ಹಿಡಿತದಲ್ಲಿಲ್ಲ' ಅನ್ನುವ ಮಾತು ಎಷ್ಟು ಸುಲಭವಾಗಿ ಬರುತ್ತದೆ ನೋಡಿ. ಆ ಸ್ಪರ್ಧಿಗಳಿಗಿಂತ ಹೆಚ್ಚು ಬೆವರು ಹರಿಸಿದವರು ಯಾರಿದ್ದಾರೆ? ಇತ್ತೀಚೆಗೆ ಬಂದಿರುವ ಸೆಮಾಗ್ಲುಟೈಡ್ ತರಹದ ಔಷಧಗಳೂ ಇದನ್ನೇ ತೋರಿಸುತ್ತಿವೆ. ಔಷಧ ಹಸಿವನ್ನು ತಗ್ಗಿಸಿದಾಗ ತೂಕ ಇಳಿಯುತ್ತದೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗದಷ್ಟು ಮತ್ತೆ ಬರುತ್ತದೆ ಅಂತ ಒಂದು ದೊಡ್ಡ ಪ್ರಯೋಗದ ಮುಂದುವರಿಕೆಯಲ್ಲಿ ಕಂಡಿತು. ಒಂದು ಚುಚ್ಚುಮದ್ದಿಗೆ ಯಾರ ಗುಣನಡತೆಯನ್ನೂ ಬದಲಿಸಲು ಆಗುವುದಿಲ್ಲ. ಬದಲಾಗಿದ್ದು ಹಸಿವು.

ಇಷ್ಟೆಲ್ಲ ಗೊತ್ತಿದ್ದರೂ ತಟ್ಟೆಯ ಮುಂದೆ ಕೂತಾಗ ಮನಸ್ಸು ಬೇರೆಯೇ ಆಟ ಆಡುತ್ತದೆ. ಆ ಆಟದ ಹೆಸರು ನಮ್ಮ ಗಾದೆಯಲ್ಲೇ ಇದೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಬೆಳಿಗ್ಗೆ ಒಂದು ಸಿಹಿ ತಿಂದಾಯಿತು. ಇನ್ನು ಇವತ್ತಿನ ದಿನ ಕೆಟ್ಟಿತು. ಕೆಟ್ಟ ಮೇಲೆ ಮಧ್ಯಾಹ್ನವೂ ತಿನ್ನೋಣ, ರಾತ್ರಿಯೂ ತಿನ್ನೋಣ, ನಾಳೆಯಿಂದ ಸರಿಯಾಗಿ ಇರೋಣ. ನಾಳೆ ಅಂದರೆ ಮುಂದಿನ ಸೋಮವಾರ. 1975ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಹರ್ಮನ್ ಮತ್ತು ಅವರ ಸಹೋದ್ಯೋಗಿ ಇದನ್ನು ಒಂದು ಚೆಂದದ ಪ್ರಯೋಗದಲ್ಲಿ ಹಿಡಿದರು. ಬಂದವರಲ್ಲಿ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಹೇಳಿ, ಬೇಕಾದಷ್ಟು ತಿನ್ನಬಹುದು ಅಂದರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತಲ್ಲ. ಸದಾ ಊಟದ ಲೆಕ್ಕ ಇಡುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಇನ್ನೂ ಜಾಸ್ತಿ ತಿಂದರು!

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು 2007ರ ಒಂದು ಅಧ್ಯಯನ. ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಮಾಡಿದ್ದು. ಹೆಂಗಸರಿಗೆ ಮೊದಲು ಒಂದು ಡೋನಟ್ ತಿನ್ನಿಸಿದರು. ಅವರಲ್ಲಿ ಕೆಲವರಿಗೆ, 'ಎಲ್ಲರೂ ಇಂಥದ್ದು ತಿನ್ನುತ್ತಾರೆ, ಇದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ' ಅನ್ನುವ ಅರ್ಥದ ನಾಲ್ಕು ಮಾತು ಹೇಳಿದರು. ಉಳಿದವರಿಗೆ ಏನೂ ಹೇಳಲಿಲ್ಲ. ಆಮೇಲೆ ಮಿಠಾಯಿ ಮುಂದಿಟ್ಟರು. ಊಟದ ಬಗ್ಗೆ ಸದಾ ಪಥ್ಯ ಮಾಡುವ ಹೆಂಗಸರಲ್ಲಿ, ಆ ಸಮಾಧಾನದ ಮಾತು ಕೇಳಿದವರು ಕಡಿಮೆ ತಿಂದರು. ನಮ್ಮಲ್ಲಿ ತಮ್ಮನ್ನು ತಾವು ಬೈದುಕೊಂಡರೇ ಶಿಸ್ತು ಬರುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಕನ್ನಡಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ಛೀ ಅಂದುಕೊಂಡರೆ ನಾಳೆ ಬೇಗ ಏಳುತ್ತೇವೆ ಅಂತ. ಏಳುವುದಿಲ್ಲ. ಬೈಸಿಕೊಂಡ ಮನಸ್ಸು ಸಮಾಧಾನ ಹುಡುಕುತ್ತದೆ. ಹತ್ತಿರದಲ್ಲಿ ಸಿಗುವ ಸಮಾಧಾನ ತಿಂಡಿ ಡಬ್ಬದಲ್ಲೇ ಇರುತ್ತದೆ. ಒಂದು ತುಂಡು ಜಾಸ್ತಿ ತಿಂದರೆ ಅದು ಒಂದು ತುಂಡಿನಷ್ಟೇ ಜಾಸ್ತಿ. ಮುಂದಿನ ಊಟ ಮಾಮೂಲಿನಂತೆ ಮಾಡಿದರೆ ಆ ತುಂಡು ಲೆಕ್ಕಕ್ಕೇ ಬರುವುದಿಲ್ಲ.

ಅಭ್ಯಾಸದ ವಿಷಯಕ್ಕೆ ಬಂದರೂ ಇದೇ ಮಾತು. ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಅಂತ ಎಲ್ಲೆಡೆ ಹೇಳುತ್ತಾರೆ. ಅದರ ಬೇರು ಹುಡುಕಿಕೊಂಡು ಹೋದರೆ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು ಸಿಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಅಂತ ಅವರು ಗಮನಿಸಿದ್ದರು. 'ಕನಿಷ್ಠ' ಅನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಲೆಕ್ಕ ಕೊಟ್ಟರು. ಒಂದು ಹೊಸ ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ನಡುವಿನ ಅಂದಾಜು 66 ದಿನ. ಆದರೆ ವ್ಯಾಪ್ತಿ 18 ದಿನದಿಂದ 254 ದಿನದವರೆಗೆ. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಹಿಡಿಯುತ್ತದೆ, ವ್ಯಾಯಾಮ ತಡವಾಗಿ ಹಿಡಿಯುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಏನೂ ಆಗಲಿಲ್ಲ. ಸರಣಿ ಮುರಿಯಬಾರದು ಅಂತ ಫೋನಿನಲ್ಲಿ ಬೆಂಕಿಯ ಚಿತ್ರ ಹಾಕಿ ಹೆದರಿಸುವ ಆ್ಯಪ್‌ಗಳಿವೆಯಲ್ಲ, ಅವುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಸರಣಿ ಮುರಿದ ದಿನ ಆ್ಯಪ್ ಜೊತೆಗೆ ನಡಿಗೆಯನ್ನೂ ಬಿಟ್ಟವರು ಎಷ್ಟೋ ಜನ.

ಹತ್ತು ಸಾವಿರ ಹೆಜ್ಜೆಯ ಗುರಿಯೂ ಇಂಥದ್ದೇ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಇಟ್ಟ ಹೆಸರಿನಿಂದ ಬಂದ ಸಂಖ್ಯೆ ಅದು. ಹಾರ್ವರ್ಡ್‌ನ ಐ-ಮಿನ್ ಲೀ ಅವರ ತಂಡ 2019ರಲ್ಲಿ, ಸರಾಸರಿ 72 ವಯಸ್ಸಿನ 16 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಪ್ರಕಟಿಸಿತು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಆ ಲಾಭ ಸಮವಾಗಿ ನಿಂತಿತು. ಆರು ಸಾವಿರ ನಡೆದು ಬಂದು 'ಗುರಿ ಮುಟ್ಟಲಿಲ್ಲ' ಅಂತ ಮುಖ ಸಣ್ಣದು ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಯಾರದೋ ಜಾಹೀರಾತಿನ ಸಂಖ್ಯೆಗೆ ನಮ್ಮ ಸಂಜೆಯನ್ನು ಯಾಕೆ ಕೆಡಿಸಿಕೊಳ್ಳಬೇಕು?

ಹಾಗಾದರೆ ಯಾವುದನ್ನು ಎಣಿಸಬೇಕು? ಮುಳ್ಳು ನಿಂತ ತಿಂಗಳಲ್ಲಿ ಈ ಪ್ರಶ್ನೆಯೇ ಮುಖ್ಯ. ನಾನು ನಂಬುವುದು, ನಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಎಣಿಸಬೇಕು. ಈ ವಾರ ಎಷ್ಟು ದಿನ ನಡೆದೆ, ಎಷ್ಟು ಊಟದಲ್ಲಿ ತರಕಾರಿ ಅರ್ಧ ತಟ್ಟೆ ಇತ್ತು, ಎಷ್ಟು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದೆ. ಇವು ನಾನು ಮಾಡಿದ್ದು. ತೂಕ ದೇಹ ಮಾಡಿದ್ದು. ಜೊತೆಗೆ ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ, ಆಗಾಗ ಬಿಪಿ, ವೈದ್ಯರು ಹೇಳಿದಾಗ ರಕ್ತಪರೀಕ್ಷೆ. ಮುಳ್ಳು ನಿಂತಿದ್ದಾಗಲೂ ಇವು ಬದಲಾಗುತ್ತಿರಬಹುದು. ನನ್ನ ಮಟ್ಟಿಗೆ ಮೊದಲು ಬದಲಾಗಿದ್ದು ಮೆಟ್ಟಿಲು. ನಡುವೆ ನಿಲ್ಲದೆ, ಕಂಬಿ ಹಿಡಿಯದೆ ಮೇಲೆ ಹೋಗಿದ್ದು ಮೇಲೆ ಹೋದ ಮೇಲೆಯೇ ಗಮನಕ್ಕೆ ಬಂತು.

ಸಣ್ಣ ಇಳಿಕೆಯನ್ನು ಸಣ್ಣದು ಅಂತ ತಳ್ಳಿಹಾಕುವವರಿಗೆ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನವನ್ನು ನೆನಪಿಸುತ್ತೇನೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಕೊಟ್ಟ ಗುರಿ ದೊಡ್ಡದೇನಲ್ಲ. ದೇಹದ ತೂಕದ ಶೇಕಡಾ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ. 80 ಕಿಲೋ ಇರುವವರಿಗೆ ಇದು ಆರು ಕಿಲೋಗಿಂತ ಕಮ್ಮಿ. ಅದನ್ನೂ ಎಲ್ಲರೂ ಮುಟ್ಟಲಿಲ್ಲ. ಆರು ತಿಂಗಳ ಹೊತ್ತಿಗೆ ಅರ್ಧದಷ್ಟು ಜನ ಮುಟ್ಟಿದ್ದರು. ಆದರೂ ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಆ ಇಳಿಕೆ ಶೇಕಡಾ 31. ಆ ಆರು ಕಿಲೋ ಮುಂಚಿನ-ಆಮೇಲಿನ ಫೋಟೋದಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ನನಗೆ ಆ ಜೋಡಿ ಫೋಟೋಗಳ ಮೇಲೆ ಅಷ್ಟು ವಿಶ್ವಾಸ ಇಲ್ಲ. ಎರಡು ಫೋಟೋಗಳ ನಡುವಿನ ತಿಂಗಳುಗಳನ್ನು ಅವು ಅಳಿಸಿಹಾಕುತ್ತವೆ. ನಾವು ಬದುಕಬೇಕಾಗಿರುವುದೇ ಆ ತಿಂಗಳುಗಳಲ್ಲಿ.

ಉಮೇದು ಇಲ್ಲದ ದಿನಕ್ಕೆ ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೊಂಬತ್ತರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. 'ಇನ್ನು ಮೇಲೆ ವ್ಯಾಯಾಮ ಮಾಡುತ್ತೇನೆ' ಅನ್ನುವುದಕ್ಕಿಂತ 'ಹೀಗಾದರೆ ಹೀಗೆ ಮಾಡುತ್ತೇನೆ' ಅಂತ ಹೊತ್ತು, ಜಾಗ ಸಮೇತ ಗೊತ್ತು ಮಾಡಿಕೊಂಡವರು ಮಾಡುವ ಸಾಧ್ಯತೆ ಹೆಚ್ಚು. ಮಳೆ ಬಂದರೆ ಮನೆಯೊಳಗೇ ಹತ್ತು ನಿಮಿಷ ಮೆಟ್ಟಿಲು ಹತ್ತುವುದು. ಕೆಲಸದಿಂದ ಬರುವುದು ತಡವಾದರೆ ಬಟ್ಟೆ ಬದಲಿಸುವ ಮೊದಲೇ ಒಂದು ಸುತ್ತು ಹೋಗಿಬರುವುದು. ಕೂತರೆ ಏಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಯೋಚನೆ ಮಾಡುವ ಕೆಲಸ ಉಳಿಯಬಾರದು. ದಣಿದ ಮನಸ್ಸು ಯೋಚನೆಗೆ ಕೂತರೆ ಯಾವ ಕಡೆ ವಾಲುತ್ತದೆ ಅಂತ ಹೇಳಬೇಕಾಗಿಲ್ಲ. ಇಷ್ಟದ ಕೆಲಸವನ್ನು ಕಷ್ಟದ ಕೆಲಸಕ್ಕೆ ಗಂಟು ಹಾಕುವುದೂ ಒಂದು ಉಪಾಯ. ಕೇಳಬೇಕು ಅನ್ನಿಸುವ ಕಥೆಯನ್ನು ನಡೆಯುವಾಗ ಮಾತ್ರ ಕೇಳುವುದು. ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದಾಗ, ಕುತೂಹಲದ ಆಡಿಯೊ ಪುಸ್ತಕ ಜಿಮ್‌ನಲ್ಲಿ ಮಾತ್ರ ಕೇಳಲು ಅವಕಾಶ ಇದ್ದವರು ಶುರುವಿನಲ್ಲಿ ಉಳಿದವರಿಗಿಂತ ಅರ್ಧದಷ್ಟು ಜಾಸ್ತಿ ಸಲ ಬಂದರು. ನಡುವೆ ರಜೆ ಬಂತು, ಆ ಉತ್ಸಾಹ ಕರಗಿತು. ಯಾವ ಉಪಾಯಕ್ಕೂ ಆಯಸ್ಸು ಇದೆ. ಒಂದು ಸವೆದರೆ ಇನ್ನೊಂದು ಹುಡುಕಬೇಕು, ಅದರಲ್ಲಿ ನಾಚಿಕೆ ಏನಿಲ್ಲ.

ನಿದ್ದೆಯ ಬಗ್ಗೆ ಒಂದು ಮಾತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ವ್ಯಾಯಾಮ ಮಾಡುವುದನ್ನು ದೊಡ್ಡ ಸಾಧನೆ ಅಂತ ತೋರಿಸುತ್ತಾರೆ. ರಾತ್ರಿ ಎಷ್ಟಕ್ಕೆ ಮಲಗಿದರು ಅಂತ ಯಾರೂ ಕೇಳುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹತ್ತು ಜನರ ಮೇಲೆ ನಡೆದ ಒಂದು ಸಣ್ಣ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅದೇ ಜನ, ಅಷ್ಟೇ ಕಡಿಮೆ ಊಟ. ಎರಡು ವಾರ ರಾತ್ರಿ ಎಂಟೂವರೆ ಗಂಟೆ ಮಲಗಲು ಅವಕಾಶ, ಇನ್ನೆರಡು ವಾರ ಐದೂವರೆ ಗಂಟೆ. ಎರಡು ಸಲವೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೋ ಕೊಬ್ಬು, ನಿದ್ದೆಗೆಟ್ಟಾಗ 0.6 ಕಿಲೋ ಮಾತ್ರ. ಉಳಿದದ್ದು ಸ್ನಾಯು ಮುಂತಾದ ಬೇಕಾದ ಭಾಗ. ಹಸಿವೂ ಜಾಸ್ತಿ ಇತ್ತು. ಒಂದು ಗಂಟೆ ನಿದ್ದೆ ಕದ್ದು ಒಂದು ಗಂಟೆ ಓಡುವುದು ನನಗೆ ಒಳ್ಳೆಯ ವ್ಯಾಪಾರ ಅನ್ನಿಸುವುದಿಲ್ಲ.

ತೂಕ ಎರಡು ತಿಂಗಳು ದಾಟಿದರೂ ನಿಂತೇ ಇದ್ದರೆ ಎರಡು ದಾರಿ ಇದೆ. ಮೊದಲನೆಯದು, ತಟ್ಟೆಯನ್ನು ಒಂದು ವಾರ ಪ್ರಾಮಾಣಿಕವಾಗಿ ಬರೆದಿಡುವುದು. ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು, ಮಕ್ಕಳು ಬಿಟ್ಟ ತುತ್ತು, ಸಿಹಿ ಪಾನೀಯ ಎಲ್ಲ ಸೇರಿಸಿ. ನಿಧಾನಕ್ಕೆ ಅಳತೆ ಹಿಗ್ಗಿರುತ್ತದೆ, ಅದು ಎಲ್ಲರಿಗೂ ಆಗುವಂಥದ್ದು. ಎರಡನೆಯದು ವೈದ್ಯರನ್ನು ಕಾಣುವುದು. ಥೈರಾಯ್ಡ್ ಕುಂದಿದ್ದರೆ, ಸ್ಟೀರಾಯ್ಡ್ ಅಥವಾ ಕೆಲವು ಮಾನಸಿಕ ಔಷಧಗಳು ನಡೆಯುತ್ತಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ತೂಕ ಇಳಿಯುವುದು ಕಷ್ಟವಾಗಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಕೇಳದೆ ಊಟ ಕಡಿಮೆ ಮಾಡಲೇಬಾರದು. ಊಟದ ಲೆಕ್ಕವೇ ದಿನವಿಡೀ ತಲೆಯಲ್ಲಿ ಓಡುತ್ತಿದ್ದರೆ, ಕದ್ದು ತಿನ್ನುವುದು, ತಿಂದದ್ದನ್ನು ಹೊರಹಾಕುವುದು ಶುರುವಾಗಿದ್ದರೆ, ತೂಕದ ವಿಷಯ ಪಕ್ಕಕ್ಕಿಟ್ಟು ಮೊದಲು ಅದಕ್ಕೆ ಸಹಾಯ ಪಡೆಯಬೇಕು.

ಇಳಿಸಿದ್ದನ್ನು ಉಳಿಸಿಕೊಂಡವರ ಬಗ್ಗೆಯೂ ಮಾಹಿತಿ ಇದೆ. ಅಮೆರಿಕದಲ್ಲಿ 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಇಂಥವರ ಒಂದು ದಾಖಲೆ ಪಟ್ಟಿ ಶುರು ಮಾಡಿದರು. ಕನಿಷ್ಠ 13.6 ಕಿಲೋ ಇಳಿಸಿ, ಒಂದು ವರ್ಷವಾದರೂ ಉಳಿಸಿಕೊಂಡವರು ಇದಕ್ಕೆ ಸೇರಬಹುದು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ತಾವಾಗಿಯೇ ಬಂದು ಸೇರಿದವರ ಪಟ್ಟಿ ಇದು, ಹಾಗಾಗಿ ಇವರಂತೆ ಮಾಡಿದವರೆಲ್ಲ ಗೆಲ್ಲುತ್ತಾರೆ ಅಂತ ಹೇಳಲಾಗದು. ಆದರೂ ಅವರು ಹೇಳಿದ್ದನ್ನು ಓದುತ್ತಾ ಹೋದರೆ ಅದು ಎಷ್ಟು ಸಪ್ಪೆ ಅನ್ನಿಸುತ್ತದೆ. ಹೆಚ್ಚಿನವರು ಬೆಳಿಗ್ಗೆ ತಿಂಡಿ ತಿನ್ನುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ಮೈ ಬಗ್ಗಿಸುತ್ತಾರೆ. ಅದರಲ್ಲೂ ಹೆಚ್ಚಾಗಿ ನಡಿಗೆಯೇ. ಆ ಟಿವಿ ಸ್ಪರ್ಧೆಯವರಲ್ಲೂ ತೂಕ ಉಳಿಸಿಕೊಂಡ ಕೆಲವರು ಉಳಿದವರಿಗಿಂತ ತುಂಬಾ ಜಾಸ್ತಿ ಓಡಾಡುತ್ತಿದ್ದರು ಅಂತ ಮುಂದೆ ಗೊತ್ತಾಯಿತು. ಪಟ್ಟಿಯವರ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡವರಿಗೆ ಮತ್ತೆ ಏರುವ ಅಪಾಯ ಕಡಿಮೆಯಾಗುತ್ತಾ ಹೋಗುತ್ತದೆ, ಅದಕ್ಕೆ ಬೇಕಾಗುವ ಪ್ರಯತ್ನವೂ ಕಡಿಮೆ ಅನ್ನಿಸತೊಡಗುತ್ತದೆ.

'ಎಷ್ಟು ದಿನ ಹೀಗೆ ಮಾಡ್ತೀಯ?' ಅಂತ ಮನೆಯಲ್ಲೂ ಹೊರಗೂ ನನ್ನನ್ನು ಕೇಳುತ್ತಾರೆ. ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಎಲ್ಲೋ ಮುಂದೆ ಒಂದು ಕೊನೆಯ ತಾರೀಖು ಇರುತ್ತದೆ. ಅವತ್ತು ಎಲ್ಲ ಮುಗಿದು ಹಳೆಯ ಊಟಕ್ಕೆ ಮರಳಬಹುದು ಅಂತ. ಅಂಥ ತಾರೀಖು ಇಲ್ಲ ಅಂತ ಒಪ್ಪಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಅಂದರೆ, ಬದುಕಿಡೀ ಮಾಡಲಾಗದ ನಿಯಮಗಳನ್ನೆಲ್ಲ ಕಿತ್ತುಹಾಕಿದ್ದು. ಸಿಹಿ ಪೂರ್ತಿ ಬಿಡುವ ನಿಯಮ ಹೋಯಿತು. ರಾತ್ರಿ ಏಳರ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ ಅನ್ನುವುದೂ ಹೋಯಿತು. ಉಳಿದದ್ದು ಸಂಜೆಯ ನಡಿಗೆ, ವಾರಕ್ಕೆರಡು ಸಲ ಭಾರ ಎತ್ತುವುದು, ತಟ್ಟೆಗೆ ಮೊದಲು ತರಕಾರಿ ಬಡಿಸಿಕೊಳ್ಳುವುದು. ಇದರಿಂದ ಇಳಿಕೆಯ ವೇಗ ಕಡಿಮೆಯಾಯಿತು, ಕೆಲವು ತಿಂಗಳು ಏನೂ ಇಳಿಯಲಿಲ್ಲ. ಆದರೆ ಕಿತ್ತುಹಾಕಿದ ಯಾವ ನಿಯಮವನ್ನೂ ಮತ್ತೆ ಸೇರಿಸಿಕೊಳ್ಳಬೇಕು ಅಂತ ಇದುವರೆಗೆ ಅನ್ನಿಸಿಲ್ಲ.